25 ವ್ಯಾಟ್ ಆಂಪ್ 30 ವ್ಯಾಟ್ ಸ್ಪೀಕರನ್ನು ಸುಟ್ಟದ್ದು ಹೇಗೆ?

ಭಾಲ್ಕಿ ತಾಲೂಕಿನ ಮೆಹಕರದಲ್ಲಿ ಗೆಳೆಯನ ಮನೆಯ ಮದುವೆಗೆ ಹೋದಾಗ ನಾವು ಅಂಗಳದಲ್ಲೇ ಗಿಟಾರ್ ನುಡಿಸಿದೆವು. ಆಂಪ್ಲಿಫೈಯರ್ ಮೇಲೆ 25 ವ್ಯಾಟ್ ಅಂತ ಬರೆದಿತ್ತು, ಸ್ಪೀಕರ್ 30 ವ್ಯಾಟಿನದು. ಹಿಂದೆ ಕೂತವರು "ಕೇಳಸ್ತಿಲ್ರೀ, ಜ್ಯಾಸ್ತಿ ಮಾಡ್ರಿ" ಅಂದರು. ವಾಲ್ಯೂಮ್ ಪೂರ್ತಿ ತಿರುಗಿಸಿದೆವು. ನಾಲ್ಕನೇ ಹಾಡಿಗೆ ಸುಟ್ಟ ವಾಸನೆ, ಆಮೇಲೆ ಸದ್ದೇ ಇಲ್ಲ. ವಾಯ್ಸ್ ಕಾಯಿಲ್ ಹೋಗಿತ್ತು.

ಆ 25 ವ್ಯಾಟ್ ಅನ್ನೋದು ಸಾಮಾನ್ಯವಾಗಿ ಸೈನ್ ತರಂಗ ಕೊಟ್ಟು, ವಿರೂಪ ಒಂದು ಮಿತಿ ದಾಟದಂತೆ ಅಳೆದ ಸಂಖ್ಯೆ. ಆಂಪ್ ಕೊಡಬಲ್ಲ ಗರಿಷ್ಠ ಅದಲ್ಲ. ಲೆಕ್ಕ ನೋಡಿ: ಸ್ಪೀಕರ್ 8 ಓಮ್, ಔಟ್‌ಪುಟ್ ಶಿಖರ 20 ವೋಲ್ಟ್. ಸೈನ್ ತರಂಗದ ಆರ್‌ಎಂಎಸ್ 14.14 ವೋಲ್ಟ್, ವರ್ಗ ಮಾಡಿ 8ರಿಂದ ಭಾಗಿಸಿದರೆ 25 ವ್ಯಾಟ್. ಓವರ್‌ಡ್ರೈವ್ ಮಾಡಿದಾಗ ಶಿಖರ ಇನ್ನು ಮೇಲೇರೋದಿಲ್ಲ, ತಲೆ ಚಪ್ಪಟೆಯಾಗುತ್ತೆ. ಪೂರ್ತಿ ಚೌಕ ತರಂಗವೇ ಆದರೆ ಆರ್‌ಎಂಎಸ್ 20 ವೋಲ್ಟ್, ಅಂದರೆ 50 ವ್ಯಾಟ್! ನಿಜದಲ್ಲಿ ಅಷ್ಟು ಸಿಗೋದು ಅಪರೂಪ. ಹೊರೆ ಹೆಚ್ಚಿದಂತೆ ಪವರ್ ಸಪ್ಲೈ ವೋಲ್ಟೇಜ್ ಕುಸಿಯುತ್ತೆ, ವಾಲ್ವ್ ಆಂಪ್‌ಗಳಲ್ಲಂತೂ ಚೆನ್ನಾಗಿಯೇ ಕುಸಿಯುತ್ತೆ. ಆದರೂ 30 ದಾಟಲು ಕಷ್ಟವೇನಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ ಅಂತ ನಮಗನಿಸುತ್ತೆ. ಶುದ್ಧ ದನಿಯಲ್ಲಿ ತಂತಿ ಮೀಟಿದ ಕ್ಷಣ ಮಾತ್ರ ಶಿಖರ, ಆಮೇಲೆ ಇಳಿಯುತ್ತಾ ಹೋಗುತ್ತೆ. ಸರಾಸರಿ ಎರಡು ಮೂರು ವ್ಯಾಟ್ ಇದ್ದರೂ ಇರಬಹುದು. ಕ್ಲಿಪ್ ಆದ ದನಿಗೆ ಆ ಬಿಡುವೇ ಇಲ್ಲ. ಕಾಯಿಲ್‌ಗೆ ತಣ್ಣಗಾಗಲು ಸಮಯ ಸಿಗೋದಿಲ್ಲ. ಇಷ್ಟು ಮಾಡಿ ಗಳಿಸಿದ್ದೇನು? ಶಕ್ತಿ ಇಮ್ಮಡಿಯಾದರೂ 3 ಡೆಸಿಬೆಲ್ ಅಷ್ಟೇ. ಕಿವಿಗೆ ಸದ್ದು ಇಮ್ಮಡಿ ಅನಿಸಲು ಸುಮಾರು 10 ಡೆಸಿಬೆಲ್ ಬೇಕು. ಹಿಂದೆ ಕೂತವರಿಗೆ ಹೆಚ್ಚೇನೂ ಕೇಳಿಸಿರಲಿಕ್ಕಿಲ್ಲ, ಪಾಪ.

ಲ್ಯಾಬಿನಲ್ಲಿ ಅಳೆಯುವವರು ಸ್ಪೀಕರ್ ಬದಲು 8 ಓಮ್, 100 ವ್ಯಾಟಿನ ವೈರ್‌ವೌಂಡ್ ರೆಸಿಸ್ಟರ್ ಹಾಕಿ. ಟ್ರೂ ಆರ್‌ಎಂಎಸ್ ಅಲ್ಲದ ಮಲ್ಟಿಮೀಟರ್ ನಂಬಬೇಡಿ: ಅದು ಚೌಕ ತರಂಗವನ್ನು 11% ಹೆಚ್ಚು ತೋರಿಸುತ್ತೆ, 50 ವ್ಯಾಟ್ ಲೆಕ್ಕದಲ್ಲಿ ಸುಮಾರು 62 ಆಗಿಬಿಡುತ್ತೆ.

ಸೀಳು ದನಿಯೇ ಬೇಕಾದರೆ ಡಿಸ್ಟಾರ್ಷನ್ ಪೆಡಲ್ ಹಾಕಿ ಆಂಪ್ ವಾಲ್ಯೂಮ್ ಇಳಿಸಿ ನುಡಿಸಬಹುದು. ಆಂಪನ್ನೇ ಓವರ್‌ಡ್ರೈವ್ ಮಾಡುವುದಾದರೆ ಸ್ಪೀಕರ್ ಆಂಪಿನ ಎರಡು ಪಟ್ಟು ವ್ಯಾಟಿನದಿರಲಿ. ನಾವು ಈಗ 60 ವ್ಯಾಟಿನದು ಹಾಕಿದ್ದೇವೆ.