ನೀರೆತ್ತಲು ಯಾವ ಶಕ್ತಿ ಹಿತ: ಅಣುವೋ, ಬಿಸಿಲೋ?

ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳಲ್ಲಿ ಗೋವಿನಜೋಳ, ಹತ್ತಿ, ಮೆಣಸಿನಕಾಯಿ, ವೀಳ್ಯದೆಲೆ ಬೆಳೆಯುವ ಅನೇಕ ರೈತರು ಕೊಳವೆಬಾವಿಯನ್ನೇ ನಂಬಿದ್ದಾರೆ. 5 ಅಶ್ವಶಕ್ತಿಯ ಪಂಪಸೆಟ್ಟು ದಿನಕ್ಕೆ 6 ತಾಸು ನಡೆದರೆ ಕನಿಷ್ಠ 22 ಯುನಿಟ್ ವಿದ್ಯುತ್ ಬೇಕು. ಇದನ್ನು ಕಲ್ಲಿದ್ದಲಿನಿಂದ ಪಡೆಯಲು ಸುಮಾರು 15 ಕಿಲೋ ಕಲ್ಲಿದ್ದಲು ಸುಡಬೇಕಾಗುತ್ತದೆ. ರಾಯಚೂರು, ಬಳ್ಳಾರಿಯ ಸ್ಥಾವರಗಳಿಗೆ ಕಲ್ಲಿದ್ದಲು ಹೊರಗಿನಿಂದಲೇ ಬರಬೇಕು. ಅದರ ಹೊಗೆ ಭೂಮಿಯ ತಾಪವನ್ನೂ ಹೆಚ್ಚಿಸುತ್ತದೆ. ಆದ್ದರಿಂದ ಬದಲಿ ಶಕ್ತಿಗಳ ಗುಣದೋಷಗಳನ್ನು ತಿಳಿಯುವುದು ಅವಶ್ಯ.

ಅಣುಶಕ್ತಿ

ಉತ್ತರ ಕನ್ನಡದ ಕೈಗಾದಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ಇವು ಹಗಲು ರಾತ್ರಿ ಒಂದೇ ಸಮನೆ ನಡೆಯಬಲ್ಲವು. ಮೊದಲನೆಯ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಡೆದಿತ್ತು. ವಿದ್ಯುತ್ ಉತ್ಪಾದಿಸುವಾಗ ಹೊಗೆಯಿಲ್ಲ. ಬೇಕಾಗುವ ಇಂಧನವೂ ಸ್ವಲ್ಪ. ಆದರೆ ಕಟ್ಟಲು ಬಹಳ ಹಣ, ಬಹಳ ವರ್ಷ ಬೇಕು. ಬಳಸಿದ ಇಂಧನದ ವಿಕಿರಣವನ್ನು ಸಾವಿರಾರು ವರ್ಷ ಕಾಯಬೇಕು. 1986ರ ಚೆರ್ನೋಬಿಲ್, 2011ರ ಫುಕುಶಿಮಾ ದುರಂತಗಳನ್ನೂ ಮರೆಯಲಾಗದು.

ಸೌರಶಕ್ತಿ ಮತ್ತು ಗಾಳಿ

ಪಾವಗಡದ ಸೌರ ಉದ್ಯಾನ 2050 ಮೆಗಾವ್ಯಾಟ್‌ನದು. ಸುಮಾರು 13,000 ಎಕರೆ ಭೂಮಿ ಹಿಡಿದಿದೆ. ಅಂಕಿ ನೋಡಿದರೆ ಅದು ಕೈಗಾಕ್ಕಿಂತ ದೊಡ್ಡದು. ಆದರೆ ಕಿಲೋವ್ಯಾಟಿಗೆ ದಿನಕ್ಕೆ 5 ಯುನಿಟ್ ಎಂದು ಹಿಡಿದರೆ ದೊರೆಯುವುದು ಸುಮಾರು 1 ಕೋಟಿ ಯುನಿಟ್. ಕೈಗಾ ಶೇ. 85ರಷ್ಟು ನಡೆದರೂ 1.8 ಕೋಟಿ ಯುನಿಟ್ ಕೊಡುತ್ತದೆ. ಕಾರಣ, ಸೂರ್ಯನಿಗೆ ರಾತ್ರಿಯುಂಟು.

ಪಂಪಸೆಟ್ಟಿಗೆ ಮಾತ್ರ ಇದು ದೊಡ್ಡ ಕೊರತೆಯಲ್ಲ. ನೀರುಣಿಸುವ ಕೆಲಸ ಹಗಲಿನದು. ರಾತ್ರಿ ಕರೆಂಟು ಬಂದಾಗ ಹಾವು ಚೇಳುಗಳ ನಡುವೆ ಹೊಲಕ್ಕೆ ಹೋಗುವ ಕಷ್ಟವೂ ತಪ್ಪುತ್ತದೆ. ನೀರು ಹೆಚ್ಚಾಗಿ ಬೇಕಾದ ಬೇಸಿಗೆಯಲ್ಲಿ ಬಿಸಿಲೂ ಹೆಚ್ಚು. ಮೋಡದ ದಿನಗಳಲ್ಲಿ ಮಳೆಯೇ ಬೆಳೆಯನ್ನು ನೋಡಿಕೊಳ್ಳುತ್ತದೆ. ಗದಗಿನ ಕಪ್ಪತಗುಡ್ಡದ ಭಾಗದ ಗಾಳಿಯಂತ್ರಗಳು ಮುಂಗಾರಿನಲ್ಲಿ ಚೆನ್ನಾಗಿ ತಿರುಗಿ, ಆಗಿನ ಸೌರ ಕೊರತೆಯನ್ನು ಕೆಲಮಟ್ಟಿಗೆ ತುಂಬುತ್ತವೆ. 5 ಅಶ್ವಶಕ್ತಿಗೆ ಸುಮಾರು 4.8 ಕಿಲೋವ್ಯಾಟ್ ಫಲಕಗಳು ಬೇಕು. ಅವುಗಳಿಗೆ ಅರ್ಧ ಗುಂಟೆ ಜಾಗ ಸಾಕು.

ಗಮನಿಸಬೇಕಾದ ಅಂಶಗಳು

1. ಬಿಸಿಲಿಗೆ ಬಿಲ್ಲಿಲ್ಲವೆಂದು ದಿನವಿಡೀ ನೀರೆತ್ತಿದರೆ ಕೊಳವೆಬಾವಿಯೇ ಬತ್ತೀತು. ಹನಿ ನೀರಾವರಿ ಮತ್ತು ಕೃಷಿ ಹೊಂಡ ಜೊತೆಗಿರಲಿ.

2. ಬಾವಿಯ ಇಳುವರಿ ಮತ್ತು ನೀರಿನ ಆಳವನ್ನು ಅಳೆಸಿದ ನಂತರವೇ ಪಂಪು ಆರಿಸಬೇಕು.

3. ಫಲಕಗಳ ಮೇಲೆ ಗಿಡಮರದ ನೆರಳು ಬೀಳಬಾರದು. ಧೂಳನ್ನು ಆಗಾಗ ಒರೆಸಬೇಕು.

4. 2019ರಲ್ಲಿ ಆರಂಭವಾದ ಕುಸುಮ್ ಯೋಜನೆಯ ಸಹಾಯಧನದ ಬಗ್ಗೆ ಹಣ ಕಟ್ಟುವ ಮೊದಲೇ ಹೆಸ್ಕಾಂ ಕಛೇರಿಯಲ್ಲಿ ವಿಚಾರಿಸಬೇಕು.

5. ನಾಲ್ಕೈದು ದನಗಳಿದ್ದರೆ 2 ಘನ ಮೀಟರಿನ ಗೋಬರ್ ಗ್ಯಾಸ್ ಸ್ಥಾವರ ಅಡಿಗೆಗೂ, ಅದರ ಬಗ್ಗಡ ಹೊಲಕ್ಕೂ ಆಗುತ್ತದೆ.

ಒಟ್ಟಿನಲ್ಲಿ, ರಾತ್ರಿಯ ದೀಪಕ್ಕೂ ಗಿರಣಿಗೂ ಕೈಗಾ, ಶರಾವತಿಗಳಂಥ ಸ್ಥಿರ ವಿದ್ಯುತ್ ಬೇಕೇ ಬೇಕು. ಹೊಲದ ನೀರಿಗೆ ಬಿಸಿಲೇ ಹೆಚ್ಚು ಹೊಂದುತ್ತದೆ. ಆದರೆ ಯಾವ ಶಕ್ತಿಯೂ ಬತ್ತಿದ ಬಾವಿಯಿಂದ ನೀರು ತರಲಾರದೆಂಬುದನ್ನು ರೈತ ಬಾಂಧವರು ನೆನಪಿನಲ್ಲಿಡಬೇಕು.