ಎರೆಮಣ್ಣಿನ ಏರಿಗಳಿಗೆ ಸುಣ್ಣವನ್ನೂ ತೆಂಗಿನ ನಾರನ್ನೂ ಬೆರೆಸುವ ಕ್ರಮ

ಧಾರವಾಡ, ವಿಜಯಪುರ, ರಾಯಚೂರು, ಬಳ್ಳಾರಿ ಮುಂತಾದ ಜಿಲ್ಲೆಗಳ ಎರೆಭೂಮಿಯಲ್ಲಿ ಹೊಂಡ ತೋಡಿಸಿ ಏರಿ ಹಾಕಿಸಿದವರಿಗೆ ಆ ಮಣ್ಣಿನ ಸ್ವಭಾವವು ಚೆನ್ನಾಗಿ ತಿಳಿದಿರುವುದು. ಮಳೆಗಾಲದಲ್ಲಿ ಅದು ನೀರು ಕುಡಿದು ಉಬ್ಬುವುದು. ಬೇಸಗೆಯಲ್ಲಿ ಒಣಗಿ ಅಂಗೈ ಇಳಿಯುವಷ್ಟು ಅಗಲವಾಗಿ ಬಿರಿಯುವುದು. ಮುಂಗಾರಿನ ಮೊದಲ ದೊಡ್ಡ ಮಳೆಯ ನೀರು ಈ ಬಿರುಕುಗಳನ್ನು ಹೊಕ್ಕು ಏರಿಯ ಒಳಗನ್ನು ಕೊರೆಯತೊಡಗುವುದು. ಏರಿ ಒಡೆದ ಮೇಲೆ ಅದೇ ಮಣ್ಣನ್ನು ಅದೇ ರೀತಿಯಲ್ಲಿ ಮತ್ತೆ ತುಂಬಿಸುವುದು ವಾಡಿಕೆ. ಇದರಿಂದ ವೆಚ್ಚವು ಎರಡಾಗುವುದೇ ಹೊರತು ದೋಷವು ಹೋಗುವುದಿಲ್ಲ.

ದೋಷವಿರುವುದು ಈ ಮಣ್ಣಿನ ಅತಿ ಸೂಕ್ಷ್ಮವಾದ ಜೇಡಿಕಣಗಳಲ್ಲಿ. ಅವು ಪದರಪದರವಾಗಿದ್ದು, ಪದರಗಳ ನಡುವೆ ನೀರನ್ನು ಎಳೆದುಕೊಳ್ಳುವುವು. ಸುಟ್ಟ ಸುಣ್ಣವನ್ನು ಬೆರೆಸಿದಲ್ಲಿ ಅದರ ಕ್ಯಾಲ್ಸಿಯಂ ಅಂಶವು ಕಣಗಳನ್ನು ಗುಂಪುಗೂಡಿಸುವುದು. ಒಂದೆರಡು ದಿನಗಳಲ್ಲಿಯೇ ಜಿಗುಟು ಇಳಿದು ಮಣ್ಣು ಉದುರುದುರಾಗುವುದು. ಅನಂತರ ತಿಂಗಳುಗಳು ಕಳೆದಂತೆ ಸುಣ್ಣವು ಜೇಡಿಯೊಡನೆ ಕೂಡಿ ಗಾರೆಯಂತೆ ಬಿಗಿಯುವುದು. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಫ್ರಿಯಾಂಟ್-ಕರ್ನ್ ಕಾಲುವೆಯ ದಡಗಳು ಇಂತಹುದೇ ಉಬ್ಬುವ ಮಣ್ಣಿನಲ್ಲಿ ಜಾರುತ್ತಿದ್ದುದರಿಂದ, 1970ರ ದಶಕದಲ್ಲಿ ಸುಣ್ಣ ಬೆರೆಸಿಯೇ ಅವುಗಳನ್ನು ದುರಸ್ತಿ ಮಾಡಿದರು.

ಎರೆಯಲ್ಲಿ ಸುಣ್ಣದ ಹರಳು ಬೇಕಾದಷ್ಟಿರುವಾಗ ಮತ್ತೆ ಸುಣ್ಣವೇಕೆಂದು ಕೇಳುವವರುಂಟು. ಆ ಹರಳು ಸುಡದ ಸುಣ್ಣಕಲ್ಲು. ಅದರಿಂದ ಈ ಕೆಲಸವಾಗದು. ಸುಣ್ಣಕಲ್ಲಿನ ಪುಡಿಯೂ, ಗಾಳಿಗೆ ಬಿದ್ದು ಹಳತಾದ ಸುಣ್ಣವೂ ಹಾಗೆಯೇ ನಿಷ್ಪ್ರಯೋಜಕ. ಗೂಡಿನಿಂದ ಹೊಸದಾಗಿ ಬಂದುದನ್ನು ಅರಳಿಸಿ, ಜರಡಿ ಹಿಡಿದು, ತಡವಿಲ್ಲದೆ ಉಪಯೋಗಿಸತಕ್ಕದ್ದು.

ಸುಣ್ಣ ಸೇರಿದ ಮಣ್ಣು ಬಲವಾಗುವುದಾದರೂ ಪೆಡಸಾಗುವುದು. ಬುಡವು ತುಸು ಕುಸಿದರೂ ಒಮ್ಮೆಲೇ ಸೀಳುವುದು. ಈ ಕೊರತೆಯನ್ನು ನಾರು ತುಂಬುವುದು. ಗೋಡೆಯ ಮಣ್ಣಿಗೆ ಹುಲ್ಲು ಬೆರೆಸಿ ತುಳಿಯುವ ಹಳ್ಳಿಗರಿಗೆ ಇದು ಹೊಸ ವಿಷಯವಲ್ಲ. ಆದರೆ ಹುಲ್ಲು ಬೇಗನೆ ಕೊಳೆಯುವುದು. ತಿಪಟೂರು, ಅರಸೀಕೆರೆಗಳ ಕಡೆ ದೊರೆಯುವ ತೆಂಗಿನ ನಾರು ಅದಕ್ಕಿಂತ ಬಹುಕಾಲ ಬಾಳುವುದು.

ಇಡೀ ಏರಿಗೆ ಸುಣ್ಣ ಹಾಕುವುದು ದುಂದು. ಒಳಗಿನ ಗರ್ಭವನ್ನು ಹದವಾದ ತೇವದ ಬರೀ ಜೇಡಿಯಿಂದಲೇ ಕಟ್ಟಿ, ನೆತ್ತಿಗೂ ಇಳಿಜಾರುಗಳಿಗೂ ಒಂದು ಅಡಿ ದಪ್ಪದ ಬೆರಕೆಯ ಹೊದಿಕೆಯನ್ನು ಕೊಟ್ಟರೆ ಗರ್ಭವು ಒಣಗಿ ಬಿರಿಯುವುದು ತಪ್ಪುವುದು. 100 ಘನ ಅಡಿ ಹೊದಿಕೆಗೆ ಒಣಮಣ್ಣು ಸುಮಾರು 4 ಟನ್ನು ಹಿಡಿಯುವುದು. ಅದಕ್ಕೆ ಶೇಕಡ 4ರಂತೆ 160 ಕಿಲೋ ಸುಣ್ಣವೂ, ಶೇಕಡ ಅರ್ಧದಂತೆ 20 ಕಿಲೋ ನಾರೂ ಬೇಕಾಗುವುವು. ನಾರನ್ನು ಒಂದು ಅಂಗುಲದ ತುಂಡುಗಳಾಗಿ ಕತ್ತರಿಸಿ ಬಿಡಿಸಿಡಬೇಕು.

ಮೊದಲು ಸುಣ್ಣವನ್ನು ಬೆರೆಸಿ, ನೀರು ಚಿಮುಕಿಸಿ, ರಾಶಿಯನ್ನು ಒಂದು ರಾತ್ರಿ ಮುಚ್ಚಿಡತಕ್ಕದ್ದು. ಮಣ್ಣು ಉದುರಾದ ಮೇಲೆಯೇ ನಾರನ್ನು ಎರಚಿ ಬೆರೆಸಬೇಕು; ಜಿಗುಟು ಮಣ್ಣಿಗೆ ಮೊದಲೇ ಹಾಕಿದರೆ ನಾರು ಉಂಡೆಕಟ್ಟುವುದು. ಆರಾರು ಅಂಗುಲದ ವರಸೆಗಳಲ್ಲಿ ಹಾಕಿ ದಮ್ಮಸು ಮಾಡಿ, ಒದ್ದೆಹುಲ್ಲು ಹೊದಿಸಿ, ಏಳು ದಿನಗಳಿಗೆ ಕಡಿಮೆಯಿಲ್ಲದಂತೆ ತೇವವನ್ನು ಕಾಪಾಡಬೇಕು. ಮುಂಗಾರಿಗೆ ಎರಡು ತಿಂಗಳ ಮುಂಚೆ ಈ ಕೆಲಸ ಮುಗಿದಿರುವುದು ಲೇಸು. ಆಳುಗಳ ಕಣ್ಣಿಗೂ ಚರ್ಮಕ್ಕೂ ಸುಣ್ಣ ತಾಗದಂತೆ ಯಜಮಾನರು ಎಚ್ಚರ ವಹಿಸತಕ್ಕದ್ದು.

ಕೆಲವೆಡೆ ಎರೆಯ ಕೆಳಪದರದಲ್ಲಿ ಜಿಪ್ಸಂ ಎಂಬ ಹೊಳೆಯುವ ಹರಳುಗಳಿರುವುವು. ಅಂತಹ ಮಣ್ಣಿಗೆ ಸುಣ್ಣ ಸೇರಿದರೆ ತೇವದಲ್ಲಿ ಮೊದಲಿಗಿಂತಲೂ ಹೆಚ್ಚು ಉಬ್ಬಿ ಏರಿಯೇ ಕೆಡಬಹುದು. ಆದುದರಿಂದ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ತೋರಿಸದೆ ಸುಣ್ಣವನ್ನು ಕೊಳ್ಳಬಾರದು.

ಸುಣ್ಣದ ಪ್ರಮಾಣವು ಸಾಕೇ ಎಂಬುದನ್ನು ಮನೆಯಲ್ಲಿಯೇ ನೋಡಿಕೊಳ್ಳಬಹುದು. ಬರೀ ಮಣ್ಣಿನದೊಂದು, ಬೆರಕೆಯದೊಂದು ಉಂಡೆ ಕಟ್ಟಿ, ಒದ್ದೆ ಗೋಣಿಯಲ್ಲಿ ಏಳು ದಿನ ಸುತ್ತಿಟ್ಟು, ಬಳಿಕ ಒಂದು ದಿನ ನೆರಳಿನಲ್ಲಿ ಆರಿಸಿ ನೀರಿನಲ್ಲಿ ಮುಳುಗಿಸಬೇಕು. ಬರೀ ಮಣ್ಣಿನ ಉಂಡೆ ಕುಸಿದು ಕೆಸರಾಗುವುದು. ಬೆರಕೆಯದು ಮರುದಿನವೂ ಆಕಾರ ಕೆಡದಿದ್ದಲ್ಲಿ ಪ್ರಮಾಣವು ಸರಿ. ಅದೂ ಕರಗಿದಲ್ಲಿ ಸುಣ್ಣವನ್ನು ಶೇಕಡ 1ರಷ್ಟು ಹೆಚ್ಚಿಸಿ ಹೊಸ ಉಂಡೆಯನ್ನು ಕಟ್ಟಿ ನೋಡತಕ್ಕದ್ದು.