ಮೊದಲು ಜೀವಿಯನ್ನು ಆರಿಸಿಕೋ

ಎಂಎಸ್ಸಿ ಮುಗಿಯಿತು, ಇನ್ನು ಪಿಎಚ್‌ಡಿಯೇ ಎಂದು ಹಟ ಹಿಡಿದು ಕೂತಿದ್ದೀಯಂತೆ, ನಿಮ್ಮಪ್ಪ ಹೇಳಿದ. ಸಂತೋಷ ಕಣೇ. ಯಾವ ಸಂಸ್ಥೆ ಒಳ್ಳೆಯದು ಅಂತ ದೊಡ್ಡಮ್ಮನನ್ನೇ ಕೇಳು ಎಂದೂ ಹೇಳಿದನಂತೆ. ಆ ಪಟ್ಟಿ ನಿನಗಾಗಲೇ ಬಾಯಿಪಾಠ ಇರುತ್ತದೆ: ಐಐಎಸ್‌ಸಿ, ಎನ್‌ಸಿಬಿಎಸ್, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ, ಹೈದರಾಬಾದಿನ ಸಿಸಿಎಂಬಿ, ಪುಣೆಯ ಐಸರ್. ಬೋರ್ಡು ದೊಡ್ಡದಿದ್ದರೆ ಮದುವೆ ಮನೆಯಲ್ಲಿ ಹೇಳಿಕೊಳ್ಳುವುದಕ್ಕೆ ಚೆನ್ನ. ಆದರೆ ಮುಂದಿನ ಐದಾರು ವರ್ಷ ಬೆಳಗ್ಗೆ ಎದ್ದರೆ ನೀನು ಮುಖ ನೋಡಬೇಕಾದದ್ದು ಯಾವುದೋ ಒಂದು ಜೀವಿಯದು. ನೊಣವೋ, ಇಲಿಯೋ, ಭತ್ತವೋ, ಬ್ಯಾಕ್ಟೀರಿಯಾವೋ. ಅದನ್ನು ಮೊದಲು ಯೋಚಿಸು. ಸಂಸ್ಥೆಯ ಮಾತು ಆಮೇಲೆ.

ಯಾಕೆ ಹೀಗನ್ನುತ್ತೇನೆ ಗೊತ್ತಾ? ಗಣಿತದವನು ರಾತ್ರಿ ನಿದ್ದೆಗೆಟ್ಟರೆ ಕೆಲಸ ಬೇಗ ಮುಗಿಯಬಹುದು. ನಮ್ಮಲ್ಲಿ ಹಾಗಿಲ್ಲ. ಎಷ್ಟೇ ನಿದ್ದೆಗೆಟ್ಟರೂ ಇಲಿ ತನ್ನ ಹೊತ್ತಿಗೇ ಮರಿ ಹಾಕುತ್ತದೆ. ಇ. ಕೋಲಿಗೆ ಒಳ್ಳೆಯ ಆಹಾರ, ಬೆಚ್ಚಗಿನ ಜಾಗ ಕೊಟ್ಟರೆ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಯೀಸ್ಟಿಗೆ ಸುಮಾರು ಒಂದೂವರೆ ಗಂಟೆ. ಹಣ್ಣಿನ ನೊಣ 25 ಡಿಗ್ರಿ ಶಾಖದಲ್ಲಿ ಮೊಟ್ಟೆಯಿಂದ ರೆಕ್ಕೆ ಬಲಿಯುವವರೆಗೆ ಹತ್ತು ದಿನ. ಸಸ್ಯದವರ ಮುದ್ದಿನ ಅರಬಿಡಾಪ್ಸಿಸ್ ಬೀಜದಿಂದ ಬೀಜಕ್ಕೆ ಆರರಿಂದ ಎಂಟು ವಾರ. ಜೀಬ್ರಾಮೀನು ಮೊಟ್ಟೆಯಿಡುವಷ್ಟಾಗಲು ಮೂರು ತಿಂಗಳು. ಇಲಿಯ ಗರ್ಭ ಸುಮಾರು 20 ದಿನ, ಹುಟ್ಟಿದ ಮರಿ ತಾನೂ ಮರಿ ಹಾಕುವಷ್ಟು ಬೆಳೆಯಲು ಮತ್ತೆ ಆರೆಂಟು ವಾರ. ಎರಡು ಮೂರು ಜೀನುಗಳ ಬದಲಾವಣೆ ಒಂದೇ ಇಲಿಯಲ್ಲಿ ಬೇಕೆಂದರೆ ಪೀಳಿಗೆಯ ಮೇಲೆ ಪೀಳಿಗೆ ಕಾಯಬೇಕು. ಬ್ಯಾಕ್ಟೀರಿಯಾ ಸಾಕುವವಳು ಸೋಮವಾರದ ತಪ್ಪನ್ನು ಗುರುವಾರ ತಿದ್ದಿಕೊಳ್ಳುತ್ತಾಳೆ. ಇಲಿ ಸಾಕುವವಳಿಗೆ ಯುಗಾದಿಯ ತಪ್ಪು ತಿಳಿಯುವುದು ದಸರೆಗೆ. ಫೆಲೋಶಿಪ್ಪಿನ ವರ್ಷಗಳು ಮಾತ್ರ ಇಬ್ಬರಿಗೂ ಅಷ್ಟೇ.

ಹಾಗಂತ ಬೇಗ ಬೆಳೆಯುವುದನ್ನೇ ಹಿಡಿ ಅಂತಲ್ಲ. ಬೇಗ ಬೆಳೆಯುವುದಕ್ಕೂ ಅದರದೇ ಕಾಟ ಇದೆ. ನೊಣವನ್ನೇ ತಗೋ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲಾ ಕೆಲಸಕ್ಕೆ ಹಳೆಯ ಹೆಸರು. ಅಲ್ಲಿ ನೊಣದ ಊಟಕ್ಕೆ ರವೆ, ಬೆಲ್ಲ, ಅಗರ್ ಹಾಕಿ ಕುದಿಸಿ, ಬೂಷ್ಟು ಹಿಡಿಯದ ಹಾಗೆ ಒಂದಿಷ್ಟು ಪ್ರೊಪಿಯಾನಿಕ್ ಆಮ್ಲ ಸೇರಿಸಿ ಬಾಟಲಿಗೆ ಸುರಿಯುತ್ತಾರೆ. ಆಮ್ಲ ಬೀಳುವ ತನಕ ಅಡುಗೆಮನೆಯ ಸಜ್ಜಿಗೆಯದೇ ಘಮ. ಅಡುಗೆ ಸುಲಭ. ಕಷ್ಟ ಇರುವುದು ವರ್ಜಿನ್ ಹೆಕ್ಕುವುದರಲ್ಲಿ. ಯಾವ ಗಂಡಿನ ಜೊತೆ ಯಾವ ಹೆಣ್ಣನ್ನು ಕೂಡಿಸಿದ್ದೀ ಎಂದು ಖಾತ್ರಿ ಬೇಕಾದರೆ ಹೆಣ್ಣು ಮೊದಲೇ ಕೂಡಿರಬಾರದು. ಕೋಶದಿಂದ ಹೊರಬಂದು ಎಂಟು ಗಂಟೆಯೊಳಗೆ ಅದನ್ನು ಬೇರೆ ಮಾಡಬೇಕು. ಆಗ ಅದರ ಮೈ ಇನ್ನೂ ಬೆಳ್ಳಗೆ ಊದಿಕೊಂಡಿರುತ್ತದೆ. ಮರಿಹುಳುವಾಗಿದ್ದಾಗ ತಿಂದ ಕೊನೆಯ ತುತ್ತು ಹೊಟ್ಟೆಯೊಳಗೆ ಕಪ್ಪು ಚುಕ್ಕೆಯಾಗಿ ಚರ್ಮದ ಮೂಲಕ ಕಾಣುತ್ತದೆ. ಅದೇ ಗುರುತು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಮೈಕ್ರೋಸ್ಕೋಪಿನ ಕೆಳಗೆ ಸಣ್ಣ ಕುಂಚದಿಂದ ಹೆಕ್ಕುತ್ತಾ ಕೂರಬೇಕು. ಭಾನುವಾರ, ಗೌರಿ ಹಬ್ಬ, ತಂಗಿಯ ನಿಶ್ಚಿತಾರ್ಥ, ಯಾವುದೂ ನೊಣಕ್ಕೆ ಲೆಕ್ಕವಿಲ್ಲ. ಬಾಟಲಿಯನ್ನು 18 ಡಿಗ್ರಿಗೆ ಇಳಿಸಿದರೆ ಅದರ ಗಡಿಯಾರ ಹೆಚ್ಚುಕಡಿಮೆ ಅರ್ಧ ವೇಗಕ್ಕೆ ಬರುತ್ತದೆ. ನೊಣದವರು ಊರಿಗೆ ಹೋಗುವುದು ಆ ಉಪಾಯದಿಂದಲೇ!

ಇಷ್ಟು ಪಾಡು ಪಟ್ಟದ್ದಕ್ಕೆ ಸಿಗುವುದೂ ಸಣ್ಣದಲ್ಲ. ಎನ್‌ಸಿಬಿಎಸ್ ಕಟ್ಟಿದ ಒಬೈದ್ ಸಿದ್ದೀಕಿ 1970ರ ದಶಕದಲ್ಲಿ ಸೀಮೋರ್ ಬೆಂಜರ್ ಜೊತೆ ಸೇರಿ ಶಾಖ ಏರಿಸಿದೊಡನೆ ಮರಗಟ್ಟಿ ಬಿದ್ದು, ತಂಪಾದೊಡನೆ ಮತ್ತೆ ಎದ್ದು ನಡೆಯುವ ನೊಣಗಳನ್ನು ಹುಡುಕಿದರು. ನರದಲ್ಲಿ ಸಂದೇಶ ಹೇಗೆ ಹರಿಯುತ್ತದೆ ಎನ್ನುವುದಕ್ಕೆ ಆ ಬಾಟಲಿಗಳಿಂದಲೇ ದಾರಿ ಸಿಕ್ಕಿತು.

ಇದಕ್ಕೆ ತೀರಾ ಬೇರೆ ಥರದ್ದೂ ಇದೆ. ರಾಘವೇಂದ್ರ ಗದಗ್‌ಕರ್ ಐಐಎಸ್‌ಸಿಯಲ್ಲಿ ಅಣುಜೀವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದವರು. ಬಿಡುವಿನಲ್ಲಿ ನೋಡುತ್ತಿದ್ದದ್ದು ಕಣಜಗಳನ್ನು. ಕಡೆಗೆ ಜೀವಮಾನದ ಕೆಲಸವಾದದ್ದು ಆ ಕಣಜವೇ, ರೊಪಾಲಿಡಿಯಾ ಮಾರ್ಜಿನೇಟಾ. ನಮ್ಮ ಕಿಟಕಿ, ಸೂರುಗಳಲ್ಲೇ ಗೂಡು ಕಟ್ಟುವ ಜಾತಿ. ಒಂದೊಂದರ ಮೈಮೇಲೂ ಬಣ್ಣದ ಚುಕ್ಕೆ ಇಟ್ಟು ಗುರುತು ಮಾಡಿ, ಯಾರು ಯಾರಿಗೆ ಏನು ಮಾಡಿದರು ಎಂದು ಬರೆದುಕೊಳ್ಳುತ್ತಾ ಹೋಗುವುದು. ಅದರ ರಾಣಿ ಗೂಡಿನಲ್ಲೆಲ್ಲ ಸಾಧು. ರಾಣಿಯನ್ನು ತೆಗೆದರೆ ಸ್ವಲ್ಪ ಹೊತ್ತಿಗೇ ಒಂದು ಕೆಲಸದ ಕಣಜ ಸಿಡುಕಿ ಎಲ್ಲರ ಮೇಲೂ ಎಗರಾಡತೊಡಗುತ್ತದೆ. ರಾಣಿ ಮರಳಿ ಬಾರದಿದ್ದರೆ ಅದೇ ಮುಂದಿನ ರಾಣಿ. ಪಟ್ಟ ಗಟ್ಟಿಯಾದ ಮೇಲೆ ಅದೂ ಸಾಧುವಾಗುತ್ತದೆ. ಇದನ್ನು ಕಂಡುಹಿಡಿಯಲು ಕೋಟಿ ರೂಪಾಯಿಯ ಯಂತ್ರ ಬೇಕಿರಲಿಲ್ಲ. ಆದರೆ ಗಂಟೆಗಟ್ಟಲೆ ಕದಲದೆ ಕೂತು ನೋಡುವ ಬೆನ್ನು ಬೇಕು. ನಿನಗೆ ಆ ಬೆನ್ನಿದೆಯೋ ಇಲ್ಲವೋ, ನೀನೇ ಹೇಳಬೇಕು.

ಕಾಡಿನ ಕೆಲಸ ಅಂದರೆ ನಿನ್ನ ಕಣ್ಣು ಹೊಳೆಯುತ್ತದೆ, ನನಗೆ ಗೊತ್ತು. ಪಶ್ಚಿಮಘಟ್ಟದ ಕಪ್ಪೆ ಮಳೆ ಬಂದಾಗಲೇ ಕೂಗುವುದು. ಒಂದು ಮುಂಗಾರು ಕೈತಪ್ಪಿದರೆ ಒಂದು ವರ್ಷ ಹೋಯಿತು. ಅರಣ್ಯ ಇಲಾಖೆಯ ಅನುಮತಿ ಮಳೆ ಬರುವ ಮುಂಚೆ ಕೈಯಲ್ಲಿರಬೇಕು, ಅಂದರೆ ಅರ್ಜಿ ಅದಕ್ಕೂ ಬಹಳ ಮುಂಚೆ ಹೋಗಿರಬೇಕು. ಇಲಿಯಾದರೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ. ಮಾದರಿಯನ್ನು ಹೊರದೇಶದ ಲ್ಯಾಬಿಗೆ ಕಳಿಸುವುದಾದರೆ 2002ರ ಜೀವವೈವಿಧ್ಯ ಕಾಯ್ದೆ ಅಡ್ಡ ನಿಲ್ಲುತ್ತದೆ. ಸೇರಿದ ಮೊದಲ ತಿಂಗಳೇ ಈ ಕಾಗದಪತ್ರ ಶುರು ಮಾಡು.

ಇನ್ನು ಗೈಡ್. ವೆಬ್‌ಸೈಟಿನಲ್ಲಿ ಎಲ್ಲರೂ ನಗುತ್ತಲೇ ಇರುತ್ತಾರೆ. ನೀನು ಶೋಧಗಂಗಾ ತೆರೆದು ಆ ಲ್ಯಾಬಿನಿಂದ ಬಂದ ಪ್ರಬಂಧಗಳನ್ನು ಹುಡುಕು. ಮೊದಲು ಓದಬೇಕಾದದ್ದು ಕೃತಜ್ಞತೆಯ ಪುಟ. ಗೈಡಿಗೆ ಎರಡು ಸಾಲಿನ ಒಣ ವಂದನೆ, ಪಕ್ಕದ ಲ್ಯಾಬಿನವರಿಗೆ ಒಂದು ಪುಟ ಕಣ್ಣೀರು ಇದ್ದರೆ ಅರ್ಥ ಮಾಡಿಕೋ. ಆಮೇಲೆ ವಿಧಾನದ ಅಧ್ಯಾಯ ನೋಡಿದರೆ ಜೀವಿ ಯಾವುದು, ಎಷ್ಟು ಪೀಳಿಗೆ ಸಾಕಿದ್ದಾರೆ, ಕೆಲಸ ಎಷ್ಟು ಹಿಡಿದಿದೆ ಎಲ್ಲ ತಿಳಿಯುತ್ತದೆ. ಅಲ್ಲಿನ ಸೀನಿಯರ್‌ಗಳ ಜೊತೆ ಕ್ಯಾಂಟೀನಿನಲ್ಲಿ ಕೂತು ಮಾತಾಡು, ಲ್ಯಾಬಿನೊಳಗಲ್ಲ. ಮಧ್ಯದಲ್ಲಿ ಬಿಟ್ಟುಹೋದವರು ಇದ್ದಾರಾ ಎಂದು ಕೇಳು. ಯುಜಿಸಿಯ 2022ರ ನಿಯಮದಂತೆ ಒಬ್ಬ ಪ್ರೊಫೆಸರ್ ಒಮ್ಮೆಗೆ ಎಂಟು ಪಿಎಚ್‌ಡಿ ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳಬಹುದು, ಅಸೋಸಿಯೇಟ್ ಆರು, ಅಸಿಸ್ಟೆಂಟ್ ನಾಲ್ಕು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಎನ್‌ಸಿಬಿಎಸ್‌ನಂಥ ಕಡೆ ಮೊದಲು ಕೆಲವು ಲ್ಯಾಬುಗಳಲ್ಲಿ ರೊಟೇಶನ್ ಮಾಡಿ ಆಮೇಲೆ ಆರಿಸಿಕೊಳ್ಳುವ ಪದ್ಧತಿ ಇದೆ. ಅದು ಸಿಕ್ಕರೆ ಬಿಡಬೇಡ, ನಿನಗೆ ಬೇಡ ಅನ್ನಿಸುವ ಜೀವಿಯ ಲ್ಯಾಬಿಗೂ ಒಮ್ಮೆ ಹೋಗಿ ಬಾ.

ಪರೀಕ್ಷೆಗಳ ಬಗ್ಗೆ ನನಗಿಂತ ನಿನಗೇ ಚೆನ್ನಾಗಿ ಗೊತ್ತು: ಸಿಎಸ್‌ಐಆರ್ ನೆಟ್, ಗೇಟ್, ಡಿಬಿಟಿಯದು, ಜೆಜೀಬಿಲ್ಸ್. ಎಲ್ಲಕ್ಕೂ ಕಟ್ಟು. ಜೆಆರ್‌ಎಫ್ ಆದರೆ 2023ರ ಜನವರಿಯಿಂದ ತಿಂಗಳಿಗೆ 37,000, ಎರಡು ವರ್ಷದ ನಂತರ ಎಸ್‌ಆರ್‌ಎಫ್ ಆದಾಗ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಕಾಗದದ ಮೇಲೆ ತಿಂಗಳಿಗೆ ಎಂದಿದ್ದರೂ ಹಣ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗಿ ಗಂಟಾಗಿ ಬರುತ್ತದೆ. ಬ್ಯಾಂಕಿನಲ್ಲಿ ಮೂರು ತಿಂಗಳ ಊಟ, ಬಾಡಿಗೆಯಷ್ಟು ಇಟ್ಟುಕೊಂಡೇ ಸೇರು. ನಿಮ್ಮಪ್ಪನ ಹತ್ತಿರ ಕೇಳಲು ನಾಚಿಕೆಯಾದರೆ ನನ್ನನ್ನು ಕೇಳು. ಅಮೆರಿಕದ ಯೋಚನೆ ಇದ್ದರೆ ಒಂದೇ ಮಾತು: ಅಲ್ಲಿ ಜೀವವಿಜ್ಞಾನದ ಪಿಎಚ್‌ಡಿಗೆ ಸಾಮಾನ್ಯವಾಗಿ ಫೀಸು ಮಾಫಿ, ಮೇಲೆ ಸ್ಟೈಪೆಂಡು. ಸಾಲ ಮಾಡಿ ಸೇರು ಅನ್ನುವವರ ಮಾತು ಕೇಳಬೇಡ.

ಕೆಲಸ ಹಿಡಿದ ಮೇಲೆ ಜೀವಿಯೇ ನಿನಗೆ ಲೆಕ್ಕ ಕಲಿಸುತ್ತದೆ, ಆದರೆ ತಡವಾಗಿ. ಒಂದೇ ಬಾಟಲಿಯಿಂದ ತೆಗೆದ ನೂರು ನೊಣ ನೂರು ಸಾಕ್ಷಿ ಅಲ್ಲ. ಆ ಬಾಟಲಿಯ ಊಟ ಸ್ವಲ್ಪ ನೀರಾಗಿದ್ದರೆ ನೂರೂ ಒಟ್ಟಿಗೇ ಸುಳ್ಳು ಹೇಳುತ್ತವೆ. ಒಂದೇ ತಾಯಿಯ ಹತ್ತು ಇಲಿಮರಿಗಳ ಕಥೆಯೂ ಅದೇ. ಎಷ್ಟು ಬಾಟಲಿ, ಎಷ್ಟು ತಾಯಂದಿರು ಬೇಕು ಎಂದು ಸಂಖ್ಯಾಶಾಸ್ತ್ರ ಬಲ್ಲವರನ್ನು ಪ್ರಯೋಗಕ್ಕೆ ಮುಂಚೆ ಕೇಳು. ಮುಗಿದ ಮೇಲೆ ಕೇಳಿದರೆ ಅವರು ಮಾಡುವುದು ಪೋಸ್ಟ್‌ಮಾರ್ಟಂ ಮಾತ್ರ. ಪುಸ್ತಕದಲ್ಲಿ ದಿನಾಂಕ ಹಾಕಿ ಪೆನ್ನಿನಲ್ಲೇ ಬರಿ. ಏನೂ ಬಾರದ ದಿನದ್ದನ್ನೂ ಬರಿ, ರೂಮಿನ ಎಸಿ ಕೈಕೊಟ್ಟದ್ದನ್ನೂ ಬರಿ. ಪೇಪರ್ ಬೇಕು ಅಂತ ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಪತ್ರಿಕೆಗಳ ಹತ್ತಿರ ಸುಳಿಯಬೇಡ. ಪ್ರಬಂಧ ಸಲ್ಲಿಸುವ ಮುನ್ನ ಪೇಪರ್ ಪ್ರಕಟವಾಗಲೇಬೇಕೆಂಬ ಯುಜಿಸಿಯ ಕಡ್ಡಾಯ 2022ರ ನಿಯಮದಲ್ಲಿ ಇಲ್ಲ. ನಿನ್ನ ಸಂಸ್ಥೆಯ ನಿಯಮ ಬೇರೆ ಇರಬಹುದು, ವಿಚಾರಿಸು.

ಇನ್ನೊಂದು, ನಿಮ್ಮಮ್ಮ ಕೇಳಬೇಕಾದದ್ದು. 1933ರಲ್ಲಿ ಕಮಲಾ ಸೊಹೋನಿ ಐಐಎಸ್‌ಸಿಗೆ ಬಂದಾಗ ಹೆಣ್ಣು ಎನ್ನುವ ಕಾರಣಕ್ಕೆ ಆಗಿನ ನಿರ್ದೇಶಕ ಸಿ. ವಿ. ರಾಮನ್ ಅವರು ಬೇಡವೆಂದಿದ್ದರು. ಆಕೆ ಪಟ್ಟು ಬಿಡದೆ ಷರತ್ತಿನ ಮೇಲೆ ಸೇರಿ, 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್‌ಡಿ ಪಡೆದರು. ಈಗಿನ ನಿಯಮದಲ್ಲಿ ಆರು ವರ್ಷದ ಗಡುವಿನ ಮೇಲೆ ಹೆಣ್ಣುಮಕ್ಕಳಿಗೆ ಇನ್ನೆರಡು ವರ್ಷ ಹೆಚ್ಚು ಕೇಳುವ ಅವಕಾಶ ಇದೆ, ಹೆರಿಗೆ ಅಥವಾ ಮಗುವಿನ ಆರೈಕೆಗೆ 240 ದಿನಗಳವರೆಗೆ ರಜೆಯೂ ಇದೆ. ಮದುವೆಯ ಮಾತೆತ್ತಿದಾಗ ಇದನ್ನು ಓದಿ ಹೇಳು.

ಸಂದರ್ಶನದ ಕೊನೆಗೆ ‘ನಿಮಗೇನಾದರೂ ಕೇಳುವುದಿದೆಯಾ’ ಅನ್ನುತ್ತಾರೆ. ನಮ್ಮ ಕಡೆಯ ಮಕ್ಕಳು ‘ಇಲ್ಲ ಸರ್, ಥ್ಯಾಂಕ್ ಯೂ ಸರ್’ ಎಂದು ಎದ್ದುಬಿಡುತ್ತಾರೆ. ನೀನು ಕೂತೇ ಇರು. ಒಂದು ಕ್ರಾಸ್ ಹಾಕಿ ಫಲಿತಾಂಶ ಕೈಗೆ ಬರಲು ನಿಮ್ಮಲ್ಲಿ ಎಷ್ಟು ವಾರ ಹಿಡಿಯುತ್ತದೆ, ಭಾನುವಾರ ಪ್ರಾಣಿಗಳಿಗೆ ಊಟ ಹಾಕುವವರು ಯಾರು, ರಾತ್ರಿ ಕರೆಂಟು ಹೋದರೆ ಮೈನಸ್ 80ರ ಫ್ರೀಜರಿಗೆ ಜನರೇಟರ್ ಇದೆಯಾ, ಕೇಳು. ಈ ಪ್ರಶ್ನೆಗೆ ಮುಖ ಗಂಟಿಕ್ಕುವವರ ಲ್ಯಾಬು ನಿನಗೆ ಬೇಡ.